ಒಂದು ರೋಗ, ಹಲವು ನೆಲೆ



ರೋಗಗಳಲ್ಲಿಯೂ ಹೇಳಬಹುದಾದವು, ಹೇಳಬಾರದವು ಎಂಬ ಎರಡು ಪಂಗಡಗಳನ್ನು ನಮ್ಮ ಸಮಾಜ ಮಾಡಿಕೊಂಡಿದೆ. ಮಲೇರಿಯ ಬಂದವನು ಜಗುಲಿಯ ಮೇಲೆ ಕಂಬಳಿ ಹೊದ್ದು ಕುಳಿತು, ಬಂದವರಿಗೆಲ್ಲ ತನ್ನ ಚಳಿಯನ್ನು ವರ್ಣಿಸಬಲ್ಲ. ಗೊನೋರಿಯ ಬಂದವನು ಹೆಂಡತಿಗೂ ಬಾಯಿಬಿಡಲಾರ. ಅವನಿಂದ ಅದನ್ನು ಪಡೆದ ಹೆಂಡತಿಗಂತೂ ತನಗೆ ಏನು ಬಂದಿದೆಯೆಂಬುದೇ ಅನೇಕ ವೇಳೆ ತಿಳಿಯುವುದಿಲ್ಲ. ಈ ರೋಗವನ್ನು ಇಂದಿನ ವೈದ್ಯಶಾಸ್ತ್ರ ದೇಹದ ಯಾವ ಭಾಗಕ್ಕೆ ತಗುಲಿದೆ ಎಂಬುದರ ಮೇಲೆ ವಿಂಗಡಿಸುತ್ತದೆ. ನಾನು ವೈದ್ಯನಲ್ಲ, ಕನ್ನಡದ ಪಾಠ ಹೇಳಿ ನಿವೃತ್ತನಾದವನು. ಆದರೆ ಹೆಸರಿಡುವುದೂ ವಿಂಗಡಿಸುವುದೂ ಭಾಷೆಯ ಕೆಲಸಗಳೇ. ಹೆಸರು ಸರಿಯಿಲ್ಲದಿದ್ದರೆ ಮನುಷ್ಯರು ಎಷ್ಟು ನೋಯಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಕಂಡಿಲ್ಲ.

ಗೊನೋರಿಯ ಗ್ರೀಕ್ ಮೂಲದ ಮಾತು. ಬೀಜದ ಹರಿವು ಎಂದು ಅದರ ಅರ್ಥ. ಕ್ರಿಸ್ತಶಕ ಎರಡನೆಯ ಶತಮಾನದ ವೈದ್ಯ ಗೇಲನ್, ರೋಗಿಯಿಂದ ಹೊರಬರುವ ಕೀವನ್ನು ವೀರ್ಯವೆಂದೇ ಭಾವಿಸಿದ್ದ. ನಮ್ಮಲ್ಲಿ 'ಧಾತು ಹೋಗುತ್ತದೆ' ಎನ್ನುವವರ ತಿಳಿವಳಿಕೆಯೂ ಅದೇ. ಧಾತುನಷ್ಟದ ಭಯವೇ ಪ್ರತ್ಯೇಕವಾದ ಒಂದು ಮನೋವ್ಯಥೆಯೆಂದು ಮನೋವೈದ್ಯ ಎನ್.ಎನ್. ವಿಗ್ 1960ರಲ್ಲಿ ಗುರುತಿಸಿದರು. ಹೀಗೆ ಒಂದೇ ಮಾತಿನೊಳಗೆ ಭಯವೂ ಸೇರಿಕೊಂಡಿದೆ, ಕೀವೂ ಸೇರಿಕೊಂಡಿದೆ: ರೋಗವಿಲ್ಲದವನು ಹೆದರಿ ಸಾಯುತ್ತಾನೆ, ರೋಗವಿರುವವನು ಲೇಹ್ಯ ತಿಂದು ಸುಮ್ಮನಿರುತ್ತಾನೆ. ಗಡಿಯಾಚೆಯ ತೆಲುಗಿನಲ್ಲಿ ಇದಕ್ಕೆ ಸೆಗವ್ಯಾಧಿ ಎಂದು ಹೆಸರು. ಸೆಗ ಎಂದರೆ ಬೇಗೆ. ಎರಡು ನುಡಿಗಳನ್ನೂ ಆಡುವ ನಮ್ಮ ಕಡೆಯ ಜನ 'ಉಷ್ಣ' ಎಂದು ಹೇಳಿ ಎಳನೀರು ಕುಡಿಯುತ್ತಾರೆ. ಗುಂಪಾಗಿ ಹೇಳುವಾಗ ಸುಖವ್ಯಾಧಿ ಎನ್ನುವುದೂ ಉಂಟು. ಆ ಹೆಸರಿನಲ್ಲಿ ರೋಗದ ವಿವರಣೆಯಿಲ್ಲ. ರೋಗಿಯ ಮೇಲಿನ ತೀರ್ಪು ಮಾತ್ರ ಇದೆ.

ನಮ್ಮ ಪ್ರಾಚೀನ ವೈದ್ಯರು ಪ್ರಮೇಹಗಳನ್ನು ಇಪ್ಪತ್ತು ಬಗೆಯೆಂದು ಎಣಿಸಿದರು: ಕಫದಿಂದ ಹತ್ತು, ಪಿತ್ತದಿಂದ ಆರು, ವಾತದಿಂದ ನಾಲ್ಕು. ಮೂತ್ರದ ಬಣ್ಣ, ಗುಣಗಳನ್ನು ನೋಡಿ ಇಟ್ಟ ಹೆಸರುಗಳು ಅವು. ಅವುಗಳಲ್ಲಿ ಒಂದಾದ ಮಧುಮೇಹ ಇಂದಿಗೂ ನಮ್ಮ ನಾಲಗೆಯ ಮೇಲಿದೆ. ಆದರೆ ಕಣ್ಣಿಗೆ ಕಂಡದ್ದರಿಂದ ಹೆಸರಿಡುವ ಕ್ರಮಕ್ಕೆ, ಹೊರಗೆ ಏನೂ ಕಾಣಿಸದ ರೋಗಿ ಸಿಕ್ಕುವುದಿಲ್ಲ.

1879ರಲ್ಲಿ ಆಲ್ಬರ್ಟ್ ನೈಸರ್ ಎಂಬ ಜರ್ಮನ್ ವೈದ್ಯ ಈ ರೋಗದ ಜೀವಾಣುವನ್ನು ಸೂಕ್ಷ್ಮದರ್ಶಕದಲ್ಲಿ ಕಂಡ. ಎರಡು ಕಾಫಿಬೀಜಗಳನ್ನು ಎದುರುಬದುರಾಗಿ ಇಟ್ಟಂತೆ ಜೋಡಿಜೋಡಿಯಾಗಿ ಇರುವ ಈ ಜೀವಾಣುವಿಗೆ ಒದ್ದೆಯಾದ, ತೆಳುವಾದ ಒಳಪೊರೆ ಬೇಕು. ಹೊರಗಿನ ಗಾಳಿಯಲ್ಲಿ, ಒಣ ನೆಲದಲ್ಲಿ ಅದು ಹೆಚ್ಚು ಕಾಲ ಬಾಳದು. ಆದ್ದರಿಂದ ಜೊತೆಯಲ್ಲಿ ಕುಳಿತು ಉಂಡರೆ, ಒಂದೇ ಲೋಟದಲ್ಲಿ ನೀರು ಕುಡಿದರೆ ಬರುವ ರೋಗವಲ್ಲ ಇದು. ಬರುವುದು ಸಂಭೋಗದಿಂದ, ಇಲ್ಲವೇ ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೆ. ಅಂಥ ಒಳಪೊರೆ ದೇಹದಲ್ಲಿ ಹಲವು ಕಡೆ ಇರುವುದರಿಂದ ರೋಗದ ನೆಲೆಗಳೂ ಹಲವು.

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ ಹತ್ತನೆಯ ಪರಿಷ್ಕರಣದಲ್ಲಿ ಗೊನೋರಿಯಕ್ಕೆ 'ಎ 54' ಎಂಬ ಸಂಖ್ಯೆ. ಅದರ ಮುಂದೆ ಒಂದು ಚುಕ್ಕೆ, ಚುಕ್ಕೆಯ ಮುಂದೆ ನೆಲೆಯನ್ನು ಹೇಳುವ ಒಂದು ಅಂಕಿ. ಸೊನ್ನೆ ಎಂದರೆ ಮೂತ್ರನಾಳ, ಗರ್ಭಕೊರಳು ಮೊದಲಾದ ಕೆಳಭಾಗ. ಅಲ್ಲಿಯೇ ಕೀವುಗಟ್ಟಿ ಬಾವಾಗಿದ್ದರೆ ಒಂದು. ಎರಡು ಎಂದರೆ ಕಿಬ್ಬೊಟ್ಟೆಯೊಳಗಿನ ಅಂಗಗಳು. ಮೂರು ಕಣ್ಣು, ನಾಲ್ಕು ಕೀಲು ಮತ್ತು ಮೂಳೆ, ಐದು ಗಂಟಲು, ಆರು ಗುದ ಮತ್ತು ಗುದನಾಳ. ಎಂಟರಲ್ಲಿ ಮಿದುಳಿನ ಪೊರೆ, ಹೃದಯ ಮೊದಲಾದ ಅಪರೂಪದ ಸ್ಥಾನಗಳು. 2022ರಲ್ಲಿ ಜಾರಿಗೆ ಬಂದ ಹನ್ನೊಂದನೆಯ ಪರಿಷ್ಕರಣದಲ್ಲಿ, ರಕ್ತದ ಮೂಲಕ ಮೈಯೆಲ್ಲ ಹರಡಿದ ರೋಗಕ್ಕೆ ಬೇರೆಯೇ ಸಂಖ್ಯೆ ಕೊಟ್ಟಿದ್ದಾರೆ.

ಈ ಪಟ್ಟಿಯನ್ನು ಹಿಡಿದುಕೊಂಡು ನಮ್ಮ ಊರಿಗೆ ಬರೋಣ. ವಳ್ಳೂರು ಪಾವಗಡ ತಾಲ್ಲೂಕಿನ ನಾಗಲಮಡಿಕೆ ಹೋಬಳಿಯದು. ಕಡಲೆಕಾಯಿ ಕೈಕೊಟ್ಟ ವರ್ಷಗಳಲ್ಲಿ ದುಡಿಯುವ ಗಂಡಸರು ಬೆಂಗಳೂರಿನ ದಾರಿ ಹಿಡಿಯುತ್ತಿದ್ದರು. ಈಗ ನಮ್ಮ ಊರೂ ಸೇರಿ ಐದು ಹಳ್ಳಿಗಳ ಸುಮಾರು 13,000 ಎಕರೆ ನೆಲದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರಫಲಕಗಳು ಹರಡಿಕೊಂಡಿವೆ. ನೆಲದ ಚಹರೆ ಇಷ್ಟು ಬದಲಾದರೂ ಮನೆಯೊಳಗಿನ ಮೌನ ಬದಲಾಗಿಲ್ಲ.

ಗಂಡಸಿಗೆ ರೋಗ ತಗುಲಿದರೆ ಸಾಮಾನ್ಯವಾಗಿ ಎರಡರಿಂದ ಐದು ದಿನಗಳಲ್ಲಿ ಉರಿಮೂತ್ರ, ಕೀವು ಕಾಣಿಸಿಕೊಳ್ಳುತ್ತವೆ. ಹೆಂಗಸರಲ್ಲಿ ಅರ್ಧದಷ್ಟು ಮಂದಿಗಾದರೂ ಯಾವ ಲಕ್ಷಣವೂ ಇರುವುದಿಲ್ಲ. ಇದ್ದರೂ ಬಿಳಿಸೆರಗು ಎಂದು ಸುಮ್ಮನಾಗುತ್ತಾರೆ. ಅಷ್ಟರಲ್ಲಿ ಜೀವಾಣು ಗರ್ಭಕೋಶವನ್ನು ಹಾದು ಅಂಡನಾಳಗಳನ್ನು ಸೇರಿ ಅವನ್ನು ಮುಚ್ಚಿಬಿಡಬಹುದು. ಸೊನ್ನೆ ಎರಡಾಯಿತು, ಪಟ್ಟಿಯಲ್ಲಿ ಬದಲಾದದ್ದು ಒಂದು ಅಂಕಿ, ಬಾಳಿನಲ್ಲಿ ಬದಲಾದದ್ದು ಎಲ್ಲವೂ. ನಮ್ಮ ಬಳಗದ ಹೆಣ್ಣುಮಗಳೊಬ್ಬಳು ನನ್ನ ಹೆಂಡತಿಯ ಬಳಿ 'ಅಕ್ಕಾ, ಕಿಬ್ಬೊಟ್ಟೆ ಹಿಂಡ್ತೈತೆ' ಎಂದು ವರ್ಷಗಟ್ಟಲೆ ಹೇಳಿಕೊಳ್ಳುತ್ತಿದ್ದಳು. ಮಕ್ಕಳಾಗಲಿಲ್ಲ. ಬಂಜೆಯೆಂದು ಕರೆದರು, ಗಂಡ ಇನ್ನೊಂದು ಮದುವೆಯಾದ. ಎರಡನೆಯವಳಿಗೂ ಮಕ್ಕಳಾಗಲಿಲ್ಲ. ನಾಗಲಮಡಿಕೆಯ ಸುಬ್ರಹ್ಮಣ್ಯನಿಗೆ ಹರಕೆಗಳು ನಡೆದವು. ಆ ಮೂವರಲ್ಲಿ ಒಬ್ಬರನ್ನಾದರೂ ವೈದ್ಯರ ಮುಂದೆ ಕೂರಿಸಬೇಕೆಂದು ಯಾರಿಗೂ ತೋರಲಿಲ್ಲ. ಮಕ್ಕಳಾಗದಿರುವುದಕ್ಕೆ ಕಾರಣಗಳು ನೂರಾರು. ಆದರೆ ಆ ನೂರರಲ್ಲಿ ಗಂಡನಿಂದ ಬಂದ ಇಂಥ ಸೋಂಕೂ ಒಂದು ಎಂಬ ಅರಿವು ಊರಿನಲ್ಲಿದ್ದಿದ್ದರೆ, ಬಂಜೆಯೆಂಬ ಮಾತು ಅಷ್ಟು ಸಲೀಸಾಗಿ ಹೊರಡುತ್ತಿರಲಿಲ್ಲ.

ಕೀಲಿನ ಮಾತೂ ಹಾಗೆಯೇ. ಪಾವಗಡದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚೆಂಬುದು ಎಲ್ಲರಿಗೂ ಗೊತ್ತಿರುವುದರಿಂದ, ಮಂಡಿನೋವು ಎಂದೊಡನೆ ನಾವು ನೀರನ್ನು ದೂರುತ್ತೇವೆ. ಆದರೆ ಫ್ಲೋರೈಡಿನ ನೋವು ವರ್ಷಗಳ ಕೂಡಿಕೆ. ಹರೆಯದವರಿಗೆ ನಾಲ್ಕಾರು ದಿನಗಳಲ್ಲಿ ಮಂಡಿಯೋ ಮಣಿಕಟ್ಟೋ ಊದಿಕೊಂಡು ಜ್ವರ ಬಂದರೆ, ರಕ್ತದಲ್ಲಿ ಹರಡಿದ ಗೊನೋರಿಯವೂ ಕಾರಣವಿರಬಹುದೆಂದು ವೈದ್ಯರು ಯೋಚಿಸಬೇಕಾಗುತ್ತದೆ.

ಕಣ್ಣಿನ ಕಥೆ ಇನ್ನೂ ಕರುಣಾಜನಕ. ಹುಟ್ಟಿದ ಎರಡರಿಂದ ಐದು ದಿನಗಳೊಳಗೆ ಕೂಸಿನ ರೆಪ್ಪೆಗಳು ಊದಿ ಕೀವು ಸುರಿಯುತ್ತದೆ. ಚಿಕಿತ್ಸೆ ತಡವಾದರೆ ಕರಿಗುಡ್ಡೆ ಹುಣ್ಣಾಗಿ ದೃಷ್ಟಿಯೇ ಹೋಗಬಹುದು. 1880ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಕಾರ್ಲ್ ಕ್ರೆಡೆ ಎಂಬ ಹೆರಿಗೆ ವೈದ್ಯ, ಹುಟ್ಟಿದ ಪ್ರತಿಯೊಂದು ಮಗುವಿನ ಕಣ್ಣಿಗೂ ಶೇಕಡಾ ಎರಡರ ಸಿಲ್ವರ್ ನೈಟ್ರೇಟ್ ಹನಿಯನ್ನು ಹಾಕತೊಡಗಿದ. ಅವನ ಆಸ್ಪತ್ರೆಯಲ್ಲಿ ನೂರಕ್ಕೆ ಹತ್ತರಷ್ಟಿದ್ದ ಕಾಯಿಲೆ ಒಂದಕ್ಕಿಂತಲೂ ಕಡಿಮೆಯಾಯಿತು. ಯಾವ ತಾಯಿಯ ನಡತೆ ಎಂಥದೆಂದು ವಿಚಾರಿಸುತ್ತ ಕುಳಿತಿದ್ದರೆ ಆ ಫಲ ದೊರೆಯುತ್ತಿರಲಿಲ್ಲ. ಅವನು ನೋಡಿದ್ದು ಕಣ್ಣನ್ನು ಮಾತ್ರ.

ನೆಲೆಯನ್ನು ಗುರುತಿಸುವುದು ಕಡತಕ್ಕಾಗಿ ಮಾಡುವ ಕೆಲಸವಲ್ಲ. ಗಂಟಲಿನ, ಗುದನಾಳದ ಸೋಂಕು ಬಹುಪಾಲು ಸದ್ದಿಲ್ಲದೆ ಇರುತ್ತದೆ. ಆ ಜಾಗದಿಂದಲೇ ಮಾದರಿ ತೆಗೆಯದಿದ್ದರೆ ಪರೀಕ್ಷೆಯಲ್ಲಿ ಸಿಕ್ಕುವುದಿಲ್ಲ. ಗಂಟಲಿನದನ್ನು ವಾಸಿಮಾಡುವುದು ಉಳಿದವುಗಳಿಗಿಂತ ಕಷ್ಟ. ಕೀಲಿಗೆ, ಹೃದಯಕ್ಕೆ ತಗುಲಿದರೆ ಔಷಧಿಯನ್ನು ಹೆಚ್ಚು ದಿನ ಕೊಡಬೇಕು. ಸಲ್ಫಾ ಔಷಧಿಗಳು, ಪೆನಿಸಿಲಿನ್, ಆಮೇಲಿನ ಹಲವು ಮದ್ದುಗಳು ಈ ಜೀವಾಣುವಿನೆದುರು ಒಂದಾದ ಮೇಲೊಂದು ಸೋತಿವೆ. ಅಂಗಡಿಯಲ್ಲಿ ಕೇಳಿ ತಂದ ಎರಡು ಮಾತ್ರೆಗಳಿಂದ ಉರಿ ಅಡಗಬಹುದು, ರೋಗ ಅಡಗದು. ಸರಿಯಾದ ಔಷಧಿಯಿಂದ ಇದು ಇಂದಿಗೂ ವಾಸಿಯಾಗುತ್ತದೆ. ಆದರೆ ಗಂಡಹೆಂಡಿರಿಬ್ಬರಿಗೂ ಒಟ್ಟಿಗೆ ಚಿಕಿತ್ಸೆ ಆಗಬೇಕು. ಮುಚ್ಚಿಹೋದ ಅಂಡನಾಳವನ್ನೂ ಹೋದ ದೃಷ್ಟಿಯನ್ನೂ ಮಾತ್ರ ಯಾವ ಮಾತ್ರೆಯೂ ಮರಳಿಸಲಾರದು.

ಇಂಥ ಸಂಗತಿಗಳನ್ನು ಸಂಕೋಚವಿಲ್ಲದೆ, ಸಭ್ಯತೆಗೆ ಕುಂದಿಲ್ಲದೆ ಕನ್ನಡದಲ್ಲಿ ಹೇಳಬಹುದೆಂಬುದನ್ನು ಡಾ. ಅನುಪಮಾ ನಿರಂಜನ ಅವರು ತಮ್ಮ 'ದಾಂಪತ್ಯ ದೀಪಿಕೆ'ಯಂಥ ಕೃತಿಗಳಿಂದ ತೋರಿಸಿಕೊಟ್ಟರು. ಆ ಮಾತು ಪುಸ್ತಕದಿಂದ ಅಡಿಗೆಮನೆಗೆ, ಜಗುಲಿಗೆ ಬರಬೇಕು. ಕಿಬ್ಬೊಟ್ಟೆ, ಗಂಟಲು, ಕೀಲು, ಕಣ್ಣು ಎಂಬ ಮಾತುಗಳಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ರೋಗಿಯನ್ನು 'ಎಲ್ಲಿಂದ ತಂದೆ' ಎಂದು ಕೇಳುವ ಮೊದಲು 'ಎಲ್ಲಿ ನೋವು' ಎಂದು ಕೇಳುವುದನ್ನು ನಾವು ಕಲಿತರೆ, ಮುಂದಿನ ಮಾತನ್ನು ವೈದ್ಯರು ನೋಡಿಕೊಳ್ಳುತ್ತಾರೆ.