ಬಗ್ ಎಂಬ ಗುಮ್ಮ

ಮಗು ಉಣ್ಣದೆ ಹಟ ಹಿಡಿದರೆ ನಮ್ಮ ಮನೆಗಳಲ್ಲಿ ಗುಮ್ಮ ಬರುತ್ತಾನೆ. ಐದಾರು ನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಮಂದಿಗೂ ಒಬ್ಬ ಗುಮ್ಮನಿದ್ದ. ಅವನ ಹೆಸರು ಬಗ್.

ಹೌದು, ಕಂಪ್ಯೂಟರ್ ಪ್ರೋಗ್ರಾಂ ಕೈಕೊಟ್ಟಾಗ ಬೆಂಗಳೂರಿನ ಹುಡುಗ ಹುಡುಗಿಯರು ರಾತ್ರಿಯೆಲ್ಲ ಹುಡುಕುವ ಬಗ್ಗಿಗೂ ಇದೇ ಹೆಸರು. 1535ರಲ್ಲಿ ಮೈಲ್ಸ್ ಕವರ್‌ಡೇಲ್ ಇಂಗ್ಲಿಷಿಗೆ ತಂದ ಬೈಬಲಿನ ಒಂದು ಕೀರ್ತನೆಯಲ್ಲಿ, ರಾತ್ರಿಯ ‘ಬಗ್’ಗಳಿಗೆ ಹೆದರಬೇಕಿಲ್ಲ ಎಂಬ ಅಭಯವಿದೆ. 1611ರ ಬೈಬಲಿನಲ್ಲಿ ಆ ಜಾಗಕ್ಕೆ ‘ಭಯ’ ಎಂಬರ್ಥದ ಪದ ಬಂತು. ಹಳೆಯ ಪುಸ್ತಕ ಕೂಡಿಡುವವರು ಕವರ್‌ಡೇಲನ ಅನುವಾದವನ್ನು ಇಂದಿಗೂ ‘ಬಗ್ ಬೈಬಲ್’ ಎಂದೇ ಕರೆಯುತ್ತಾರೆ. ಕ್ರಮೇಣ ಪದ ಗುಮ್ಮನನ್ನು ಬಿಟ್ಟು ತಿಗಣೆಗೆ, ಹುಳುಹುಪ್ಪಟೆಗೆ ಅಂಟಿಕೊಳ್ಳತೊಡಗಿತು. ಗುಮ್ಮನೇ ಹುಳುವಾದನೋ, ಎರಡೂ ಬೇರೆ ಬೇರೆ ಬೇರಿನವೋ, ನಿಘಂಟುಕಾರರ ಜಗಳ ಮುಗಿದಿಲ್ಲ. ಜಗಳ ಅವರಿಗಿರಲಿ. ಕಣ್ಣಿಗೆ ಕಾಣದೆ ಕಾಡುವುದು ಇಬ್ಬರ ಕಸುಬೂ ಹೌದು.

ಯಂತ್ರದೊಳಗೆ ಈ ಬಗ್ ಹೊಕ್ಕಿದ್ದು ಯಾವಾಗ? ಕಂಪ್ಯೂಟರಿಗೆ ಬಹಳ ಮೊದಲೇ. 1878ರ ನವೆಂಬರಿನಲ್ಲಿ ಥಾಮಸ್ ಎಡಿಸನ್ ಬರೆದ ಒಂದು ಪತ್ರದಲ್ಲಿ ಅದು ಸಿಗುತ್ತದೆ. ಹೊಸ ಆಲೋಚನೆ ಹೊಳೆದಾಗ ಎಲ್ಲ ಸಲೀಸು ಅನಿಸುತ್ತದೆ, ಆಮೇಲೆ ‘ಬಗ್’ ಎಂದು ಕರೆಯುವ ಸಣ್ಣಪುಟ್ಟ ದೋಷಗಳು ಒಂದೊಂದಾಗಿ ತಲೆ ಎತ್ತುತ್ತವೆ, ತಿಂಗಳುಗಟ್ಟಲೆ ಬೆನ್ನು ಬಿದ್ದರೆ ಮಾತ್ರ ಗೆಲುವೋ ಸೋಲೋ ತಿಳಿಯುತ್ತದೆ ಎಂಬುದು ಅದರ ಸಾರ. ಎಡಿಸನ್ ಆ ಪದವನ್ನು ಎಲ್ಲರೂ ಆಡುವ ಮಾತೆಂಬಂತೆ ಬರೆಯುತ್ತಾನೆ, ಕಂಡುಹಿಡಿದೆ ಎನ್ನುವುದಿಲ್ಲ.

ಇನ್ನು ಬರುತ್ತದೆ ಒಂದು ಪತಂಗ.

1947ರ ಸೆಪ್ಟೆಂಬರ್ 9, ಮಧ್ಯಾಹ್ನ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಅಮೆರಿಕದ ನೌಕಾಪಡೆಗಾಗಿ ಕಟ್ಟಿದ್ದ ಮಾರ್ಕ್ 2 ಎಂಬ ಗಣಕದ ಪರೀಕ್ಷೆ ನಡೆದಿತ್ತು. ಇಡೀ ಕೋಣೆ ತುಂಬುವ ಯಂತ್ರ, ಒಳಗೆ ಸಾವಿರಾರು ರಿಲೇಗಳು. ರಿಲೇ ಎಂದರೆ ವಿದ್ಯುತ್ತಿನಿಂದ ಆಡುವ ಸ್ವಿಚ್ಚು: ಎರಡು ಲೋಹದ ತುದಿಗಳು ಟಕ್ಕೆಂದು ಕೂಡಬೇಕು, ಬಿಡಬೇಕು. ನಡುವೆ ಏನಾದರೂ ಸಿಕ್ಕಿಕೊಂಡರೆ ಲೆಕ್ಕವೆಲ್ಲ ತಲೆಕೆಳಗು. ಅಂದು ಎಫ್ ಪ್ಯಾನೆಲ್ಲಿನ 70ನೆಯ ರಿಲೇಯಲ್ಲಿ ಸಿಕ್ಕಿಕೊಂಡಿದ್ದು ಒಂದು ಪತಂಗ. ಅದನ್ನು ಹೊರತೆಗೆದವರು ದಿನಚರಿ ಪುಸ್ತಕದ ಹಾಳೆಗೆ ಟೇಪು ಹಾಕಿ ಅಂಟಿಸಿದರು. ಪಕ್ಕದಲ್ಲಿ, ನಿಜವಾದ ಬಗ್ ಸಿಕ್ಕಿದ್ದು ಇದೇ ಮೊದಲು ಎಂದು ಬರೆದರು.

‘ನಿಜವಾದ’ ಎಂಬ ಆ ಪದವನ್ನು ಗಮನಿಸಿ. ಮಾತಿನ ಬಗ್ ಅವರಿಗೆ ದಿನವೂ ಸಿಗುತ್ತಿತ್ತು. ಅಂದು ಸಿಕ್ಕಿದ್ದು ರೆಕ್ಕೆ ಇದ್ದ ಬಗ್. ಅವರ ತಮಾಷೆಯೆಲ್ಲ ಆ ಒಂದು ಪದದಲ್ಲೇ ಇದೆ.

ಈ ಕತೆಯನ್ನು ಊರೂರಿಗೆ ಹೊತ್ತು ತಿರುಗಿದವರು ಗ್ರೇಸ್ ಹಾಪರ್. ಏಳು ವರ್ಷದ ಹುಡುಗಿಯಾಗಿದ್ದಾಗ, ಒಳಗೇನಿದೆ ನೋಡೋಣವೆಂದು ಮನೆಯಲ್ಲಿದ್ದ ಏಳು ಅಲಾರಾಂ ಗಡಿಯಾರಗಳನ್ನೂ ಬಿಚ್ಚಿ ಹಾಕಿದಾಕೆ. ಗಣಿತದಲ್ಲಿ ಡಾಕ್ಟರೇಟ್ ಪಡೆದು, ಪಾಠ ಹೇಳಿ, ಯುದ್ಧಕಾಲದಲ್ಲಿ ನೌಕಾಪಡೆ ಸೇರಿದರು. ಕೋಬಾಲ್ ಎಂಬ ಕಂಪ್ಯೂಟರ್ ಭಾಷೆಗೆ ದಾರಿ ತೋರಿದರು. 1986ರಲ್ಲಿ ನಿವೃತ್ತರಾದಾಗ ಅವರಿಗೆ 79 ವರ್ಷ, ಹುದ್ದೆ ರಿಯರ್ ಅಡ್ಮಿರಲ್. ಭಾಷಣಕ್ಕೆ ಹೋದಲ್ಲೆಲ್ಲ ಸುಮಾರು 30 ಸೆಂಟಿಮೀಟರ್ ಉದ್ದದ ತಂತಿಯ ತುಂಡುಗಳನ್ನು ಹಂಚುತ್ತಿದ್ದರು. ಒಂದು ನ್ಯಾನೋ ಸೆಕೆಂಡಿನಲ್ಲಿ ವಿದ್ಯುತ್ ಸಂಕೇತ ಹೆಚ್ಚೆಂದರೆ ಅಷ್ಟು ದೂರ ಹೋಗಬಲ್ಲದು. ಅಂಥವರ ಬಾಯಲ್ಲಿ ಪತಂಗದ ಕತೆ ಅಮರವಾಗದೆ ಇರುತ್ತದೆಯೇ?

ಬೇಸರದ ಸಂಗತಿಯೆಂದರೆ, ಕತೆ ಬಾಯಿಂದ ಬಾಯಿಗೆ ಹೋಗುತ್ತ ಕೆಟ್ಟಿತು. ಪತಂಗ ಹಿಡಿದದ್ದೂ ಹಾಪರ್, ಬಗ್ ಎಂಬ ಪದ ಹುಟ್ಟಿಸಿದ್ದೂ ಹಾಪರ್ ಎಂದಾಯಿತು. ಹಿಡಿದವರು ಬೇರೆಯವರೆಂದು ಹಾಪರ್ ಅವರೇ ಹೇಳುತ್ತಿದ್ದರು.

ಎಡವಟ್ಟುಗಳಿಗೆ ಇಂಗ್ಲಿಷಿನಲ್ಲಿರುವ ಉಳಿದ ಪದಗಳ ಹುಟ್ಟೂ ಕಡಿಮೆ ಸೊಗಸಿನದಲ್ಲ. ಬ್ರಿಟನ್ನಿನ ವಾಯುಪಡೆಯವರು ವಿಮಾನ ಕೆಡಿಸುವ ಕುಳ್ಳ ಪಿಶಾಚಿಗಳಿಗೆ ‘ಗ್ರೆಮ್ಲಿನ್’ ಎಂದು ಹೆಸರಿಟ್ಟಿದ್ದರು. ಅದೇ ಪಡೆಯ ಪೈಲಟ್ ಆಗಿದ್ದ ರೋಲ್ಡ್ ಡಾಲ್ 1943ರಲ್ಲಿ ಅವುಗಳ ಮೇಲೆ ತನ್ನ ಮೊದಲ ಮಕ್ಕಳ ಪುಸ್ತಕ ಬರೆದ. ಅಮೆರಿಕದಲ್ಲಿ ಹುಲ್ಲಿನ ಹೊರೆ ಬಿಗಿಯುವ ತಂತಿ ‘ಹೇವೈರ್’. ಮುರಿದದ್ದಕ್ಕೆಲ್ಲ ಅದನ್ನೇ ಸುತ್ತಿ ದಿನ ದೂಡುತ್ತಿದ್ದ ಮರ ಕಡಿಯುವವರ ಬಿಡಾರಗಳಿಂದ ‘ಎಲ್ಲ ಅಸ್ತವ್ಯಸ್ತ’ ಎಂಬ ಅರ್ಥ ಬಂತು. ಬೈಂಡಿಂಗ್ ವೈರಿನಲ್ಲಿ ಗೇಟು, ಬೇಲಿ, ನೇಗಿಲು ಎಲ್ಲವನ್ನೂ ನಿಲ್ಲಿಸಿಕೊಂಡ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರೇಡಿಯೋ ಕೇಳುವವರಿಗೆಂದೇ ಇನ್ನೊಂದು ಪದ ಉಳಿದಿದೆ: ‘ಗ್ಲಿಚ್’. ಜಾರುವುದು ಎಂಬರ್ಥದ ಯಿಡ್ಡಿಷ್ ಮಾತಿನಿಂದ ಬಂದಿರಬೇಕು ಎನ್ನುತ್ತಾರೆ. 1962ರಲ್ಲಿ ಗಗನಯಾತ್ರಿ ಜಾನ್ ಗ್ಲೆನ್ ವಿದ್ಯುತ್ತಿನ ಕ್ಷಣಿಕ ಏರಿಳಿತಕ್ಕೆ ಅದನ್ನು ಬಳಸಿದ್ದು ಪ್ರಸಿದ್ಧ. ಆದರೆ ಅದಕ್ಕೂ ಎರಡು ದಶಕ ಮೊದಲು, ಅಮೆರಿಕದ ರೇಡಿಯೋ ಕೇಂದ್ರಗಳಲ್ಲಿ ಮೈಕಿನ ಮುಂದೆ ಆದ ತಪ್ಪನ್ನು ಗ್ಲಿಚ್ ಎನ್ನುತ್ತಿದ್ದರು. ನಾಲಿಗೆ ಜಾರಿತು ಎಂದು ಕನ್ನಡ ಹೇಳುತ್ತದಲ್ಲ, ಅದೇ ಜಾರುವಿಕೆ.

ಮುಂದೆ ಯಾರಾದರೂ ಪತಂಗದ ಕತೆ ಹೇಳಿದರೆ ತಡೆಯಬೇಡಿ, ಪೂರ್ತಿ ಕೇಳಿ. ಕೊನೆಗೆ 1878ರ ಎಡಿಸನ್ ಪತ್ರವನ್ನೂ ಸೇರಿಸಿ. ಆ ದಿನಚರಿಯ ಹಾಳೆ ವಾಷಿಂಗ್ಟನ್‌ನಲ್ಲಿ, ಸ್ಮಿತ್ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸದ ವಸ್ತುಸಂಗ್ರಹಾಲಯದಲ್ಲಿದೆ. ಟೇಪಿನ ಕೆಳಗೆ ಪತಂಗವೂ ಇದೆ.