ಸಹಾಯಧನದಲ್ಲಿ ಪಂಕ್ತಿಭೇದ ಬೇಡ

(ಬಾಗಲೂರಿನಲ್ಲಿ ನಡೆದ ಮಾಸಿಕ ಚಿಂತನ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಈ ತಿಂಗಳ ಗೋಷ್ಠಿಗೆ ನನಗೆ ಕೊಟ್ಟಿರುವ ಪ್ರಶ್ನೆ ನೇರವಾಗಿದೆ. ಬಿಸಿಲು, ಗಾಳಿಯಿಂದ ವಿದ್ಯುತ್ ತಯಾರಿಸಲು ಸರ್ಕಾರ ಸಹಾಯಧನ ಕೊಡಬೇಕೇ, ಬೇಡವೇ? ಕರೆಂಟಿನ ಕೆಲಸದಲ್ಲೇ ಸೇವೆ ಮುಗಿಸಿ ನಿವೃತ್ತನಾದವನು ನಾನು. ಸುತ್ತಿ ಬಳಸಿ ಹೇಳುವ ಅಭ್ಯಾಸವಿಲ್ಲ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಕೊಡಬೇಕು. ಆದರೆ ಇವತ್ತು ಅದನ್ನು ಬಡಿಸುತ್ತಿರುವ ರೀತಿಯಲ್ಲಿ ಪಂಕ್ತಿಭೇದವಿದೆ. ಊಟದ ಪಂಕ್ತಿಯಲ್ಲಿ ಭೇದ ಕಂಡರೆ ಎದ್ದು ನಿಲ್ಲುವ ನಾವು ಇಲ್ಲೂ ಎದ್ದು ನಿಲ್ಲಬೇಕು.

ಮೊದಲು, ಕೊಡಬೇಕು ಎಂದು ಯಾಕೆ ಹೇಳುತ್ತೇನೆ? "ಸೋಲಾರ್ ಒಳ್ಳೆಯದಾದರೆ ತನ್ನ ಕಾಲ ಮೇಲೆ ತಾನೇ ನಿಲ್ಲಲಿ, ಜನರ ತೆರಿಗೆ ಹಣ ಯಾಕೆ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ನಮ್ಮ ನಾಡಿನಲ್ಲಿ ವಿದ್ಯುತ್ತು ಆರಂಭದಿಂದಲೂ ಸರ್ಕಾರದ ಆಸರೆಯಲ್ಲೇ ಬೆಳೆದಿದೆ. ಶಿವನಸಮುದ್ರದಲ್ಲಿ ಮೈಸೂರು ಸಂಸ್ಥಾನ ಕಟ್ಟಿದ ಜಲವಿದ್ಯುತ್ ಕೇಂದ್ರ 1902ರಲ್ಲಿ ಶುರುವಾಯಿತು. ಅದರ ಮೊದಲ ಕರೆಂಟು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರಲ್ಲಿ. ಹಳ್ಳಿಗಳು ಇನ್ನೂ ಎಷ್ಟೋ ದಶಕ ಕಾಯಬೇಕಾಯಿತು. ಸರ್ಕಾರದ ಹಣದಿಂದ ನಾಡಿಗೆ ಬೆಳಕು ಬಂತು ಎಂಬುದು ನಿಜ. ಆ ಬೆಳಕು ಮೊದಲು ಉಳ್ಳವರ ಕಡೆಗೇ ಹೋಯಿತು ಎಂಬುದೂ ಅಷ್ಟೇ ನಿಜ. ಈ ಎರಡೂ ಮಾತನ್ನು ನೆನಪಿಟ್ಟುಕೊಳ್ಳಿ.

ಕಲ್ಲಿದ್ದಲಿನ ವಿಚಾರಕ್ಕೆ ಬನ್ನಿ. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲು ಗಣಿ ಒಂದೂ ಇಲ್ಲ. ರಾಯಚೂರಿನ ಶಕ್ತಿನಗರಕ್ಕೆ, ಬಳ್ಳಾರಿಯ ಕುಡುತಿನಿಗೆ ಹೊರರಾಜ್ಯಗಳಿಂದ ರೈಲಿನಲ್ಲಿ ಬರಬೇಕು. ಆ ಕರೆಂಟಿನ ಬೆಲೆಯಲ್ಲಿ ಗಣಿಯ ಖರ್ಚು, ರೈಲಿನ ಬಾಡಿಗೆ, ಯಂತ್ರದ ಸವಕಳಿ ಎಲ್ಲ ಸೇರಿರುತ್ತದೆ. ಹಾರುಬೂದಿ ಕುಡಿದ ಸುತ್ತಲಿನ ಹಳ್ಳಿಯವರ ಕೆಮ್ಮಿನ ಖರ್ಚು ಮಾತ್ರ ಬಿಲ್ಲಿನಲ್ಲಿ ಬರುವುದಿಲ್ಲ. ಅದನ್ನು ಅವರೇ ಔಷಧಿ ಅಂಗಡಿಯಲ್ಲಿ ಕಟ್ಟುತ್ತಾರೆ. ಹಾಗೆ ನೋಡಿದರೆ ಕಲ್ಲಿದ್ದಲಿಗೂ ಸಹಾಯಧನ ಇದೆ. ಅದನ್ನು ಕೊಡುತ್ತಿರುವವರು ಬಡವರು, ಅಷ್ಟೇ. ನಮಗೆ ಹತ್ತಿರದ ಯಲಹಂಕದಲ್ಲೇ 370 ಮೆಗಾವ್ಯಾಟ್‌ನ ಅನಿಲ ವಿದ್ಯುತ್ ಕೇಂದ್ರವಿದೆ. ಅದಕ್ಕೂ ಇಂಧನ ದೂರದಿಂದಲೇ ಬರಬೇಕು. ಬಿಸಿಲನ್ನು ಯಾರೂ ರೈಲಿನಲ್ಲಿ ತರಬೇಕಿಲ್ಲ. ಅದಕ್ಕೆ ಹೊಗೆಯಿಲ್ಲ, ಬೂದಿಯಿಲ್ಲ. ಹಳೆಯ ಇಂಧನಗಳಿಗೆ ನೂರು ವರ್ಷ ಸಿಕ್ಕ ಆಸರೆ ಹೊಸದಕ್ಕೆ ಕೆಲವು ವರ್ಷವಾದರೂ ಸಿಗುವುದು ನ್ಯಾಯ.

ಈಗ ಬಡಿಸುವ ಕ್ರಮದ ವಿಚಾರ.

2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಸೂರ್ಯ ಘರ್ ಯೋಜನೆ ತಂದಿತು. ಒಂದು ಕೋಟಿ ಮನೆಗಳ ಗುರಿ, 75,021 ಕೋಟಿ ರೂಪಾಯಿಯ ಯೋಜನೆ. ಮನೆಯ ತಾರಸಿಯ ಮೇಲೆ ಒಂದು ಕಿಲೋವ್ಯಾಟ್ ಸೋಲಾರ್ ಹಾಕಿಸಿದರೆ 30,000 ರೂಪಾಯಿ, ಎರಡಕ್ಕೆ 60,000, ಮೂರು ಅಥವಾ ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ ಸಹಾಯಧನ. ಒಳ್ಳೆಯ ಯೋಜನೆ. ಸಾಮರ್ಥ್ಯವಿದ್ದವರು ಹಾಕಿಸಿ ಎಂದೇ ನಾನು ಹೇಳುತ್ತೇನೆ. ಆದರೆ ಅದಕ್ಕೊಂದು ಷರತ್ತಿದೆ: ಸ್ವಂತ ಮನೆ ಇರಬೇಕು, ಅದಕ್ಕೆ ತಕ್ಕ ತಾರಸಿ ಇರಬೇಕು.

ನಮ್ಮ ಬಾಗಲೂರಿನ ಸುತ್ತ ಒಮ್ಮೆ ಕಣ್ಣು ಹಾಯಿಸಿ. ವಿಮಾನ ನಿಲ್ದಾಣ ಬಂದ ಮೇಲೆ ಬಡಾವಣೆ, ಅಪಾರ್ಟ್‌ಮೆಂಟ್ ಎದ್ದಿವೆ. ಅವನ್ನು ಕಟ್ಟುವವರು ಎಲ್ಲಿದ್ದಾರೆ? ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದವರು ತಗಡಿನ ಶೆಡ್ಡುಗಳಲ್ಲಿದ್ದಾರೆ. ಇನ್ನು ಎಷ್ಟೋ ಕುಟುಂಬಗಳು ಒಂದು ಕೋಣೆಯ ಬಾಡಿಗೆ ಮನೆಯಲ್ಲಿವೆ. ತಾರಸಿ ಮಾಲೀಕರದು, ಇವರದು ಗೋಡೆಯೊಳಗಿನ ಜಾಗ ಮಾತ್ರ. ಇವರಿಗೆ 78,000 ರೂಪಾಯಿಯ ಪಂಕ್ತಿಯಲ್ಲಿ ಎಲೆಯನ್ನೇ ಹಾಕಿಲ್ಲ. ಆದರೆ ಆ ಪಂಕ್ತಿಯ ಅಡುಗೆಗೆ ಅಕ್ಕಿ ಇವರದೂ ಇದೆ. ಸೋಪು, ಎಣ್ಣೆ ಪ್ಯಾಕೆಟ್ಟು, ಚಪ್ಪಲಿ ಕೊಳ್ಳುವಾಗಲೆಲ್ಲ ಇವರೂ ಜಿಎಸ್‌ಟಿ ಕಟ್ಟುತ್ತಾರೆ.

"ಅವರಿಗೆ ಗೃಹಜ್ಯೋತಿ ಇದೆಯಲ್ಲ" ಎನ್ನುತ್ತೀರಿ. ಇದೆ. 2023ರಲ್ಲಿ ರಾಜ್ಯ ಸರ್ಕಾರ ತಂದ ಆ ಯೋಜನೆ ತಿಂಗಳಿಗೆ 200 ಯೂನಿಟ್‌ವರೆಗಿನ ಮಿತಿಯಲ್ಲಿ ಉಚಿತ ವಿದ್ಯುತ್ ಕೊಡುತ್ತದೆ, ಬಾಡಿಗೆದಾರರಿಗೂ ಸಿಗುತ್ತದೆ. ಅದನ್ನು ನಾನು ಹೀಗಳೆಯುವುದಿಲ್ಲ. ಆದರೆ ಎರಡು ಯೋಜನೆಗಳನ್ನು ಪಕ್ಕದಲ್ಲಿಟ್ಟು ನೋಡಿ. ಸೊನ್ನೆ ಬಿಲ್ಲು ಬರುವ ಸಣ್ಣ ಮನೆಯವರು ಕೈಯಿಂದ ದುಡ್ಡು ಹಾಕಿ ಸೋಲಾರ್ ಯಾಕೆ ಹಾಕಿಸುತ್ತಾರೆ? ಅವರಿಗೆ ಉಳಿತಾಯವೇ ಇಲ್ಲ. ಹಾಕಿಸಿದರೆ ಲಾಭವಾಗುವುದು 200 ಯೂನಿಟ್ ದಾಟುವ, ಎಸಿ, ಗೀಸರ್ ಇರುವ ದೊಡ್ಡ ಮನೆಗೆ. ಹೀಗೆ ಸೋಲಾರ್ ಸಹಾಯಧನ ತಾನಾಗಿಯೇ ಮೇಲಿನ ಪಂಕ್ತಿಗೆ ಹೋಗುತ್ತದೆ. ಇದರಲ್ಲಿ ಯಾರ ದುರುದ್ದೇಶವೂ ಬೇಕಿಲ್ಲ, ನಿಯಮಗಳೇ ಸಾಕು.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಒಂದು ಕಿಲೋವ್ಯಾಟ್ ಸೋಲಾರ್ ನಮ್ಮ ಬಿಸಿಲಿಗೆ ತಿಂಗಳಿಗೆ ಹೆಚ್ಚುಕಡಿಮೆ 100ರಿಂದ 120 ಯೂನಿಟ್ ಕೊಡುತ್ತದೆ. ಒಂದು ಬಡ ಕುಟುಂಬ ತಿಂಗಳಿಗೆ 100 ಯೂನಿಟ್ ಬಳಸುತ್ತದೆ, ಯೂನಿಟ್‌ಗೆ 6 ರೂಪಾಯಿಯಂತೆ ಸರ್ಕಾರ ಭರಿಸುತ್ತದೆ ಎಂದು ಹಿಡಿಯಿರಿ. ವರ್ಷಕ್ಕೆ 7,200 ರೂಪಾಯಿ. ಹತ್ತು ವರ್ಷಕ್ಕೆ 72,000. ಅಷ್ಟು ಕೊಟ್ಟ ಮೇಲೂ ಹನ್ನೊಂದನೇ ವರ್ಷ ಮತ್ತೆ ಕೊಡುತ್ತಲೇ ಇರಬೇಕು. ಅದೇ ಹಣವನ್ನು ಆ ಕುಟುಂಬದ ಹೆಸರಿನಲ್ಲಿ ಒಮ್ಮೆ ಸೋಲಾರ್‌ಗೆ ಹಾಕಿದರೆ ಪ್ಯಾನೆಲ್ಲು ಸುಮಾರು 25 ವರ್ಷ ಬಾಳುತ್ತದೆ. ತಾರಸಿ ಇಲ್ಲದವರಿಗೆ ಹೇಗೆ? ಊರಿನ ಸರ್ಕಾರಿ ಶಾಲೆ, ಆಸ್ಪತ್ರೆಯ ತಾರಸಿಯ ಮೇಲೆ ಹಾಕಿ, ಅಲ್ಲಿ ಬಂದ ಯೂನಿಟ್‌ಗಳನ್ನು ಶೆಡ್ಡಿನ, ಬಾಡಿಗೆ ಮನೆಯ ಮೀಟರ್‌ಗಳ ಲೆಕ್ಕಕ್ಕೆ ಜಮಾ ಮಾಡಬಹುದು. ಇದು ಕನಸಿನ ಮಾತಲ್ಲ. ದೆಹಲಿಯಲ್ಲಿ 2019ರಲ್ಲೇ ಇಂಥ ವ್ಯವಸ್ಥೆಗೆ ನಿಯಮ ಬಂದಿದೆ. ಸಹಾಯಧನ ಮೊದಲು ಹೋಗಬೇಕಾದದ್ದು ಇಲ್ಲಿಗೆ.

ಪಾವಗಡವನ್ನೂ ನೋಡೋಣ. ಅಲ್ಲಿನ ಸೌರ ಪಾರ್ಕ್ 2,050 ಮೆಗಾವ್ಯಾಟ್‌ನದು, ಸುಮಾರು 13,000 ಎಕರೆ. ಸರ್ಕಾರ ರೈತರ ಜಮೀನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಬರದ ನಾಡಿನ ರೈತನಿಗೆ ಜಮೀನು ತನ್ನ ಹೆಸರಿನಲ್ಲೇ ಉಳಿದು ಬಾಡಿಗೆ ಬಂತು. ಇದು ಮೆಚ್ಚಬೇಕಾದ ಮಾತು. ಆದರೆ ಆ ಹೊಲದಲ್ಲಿ ಕಳೆ ಕೀಳುತ್ತಿದ್ದ ಕೂಲಿಯವರಿಗೆ, ಅಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಗುತ್ತಿಗೆ ಪತ್ರದಲ್ಲಿ ಹೆಸರಿಲ್ಲ. ಬೇಲಿ ಬಂತು, ಹೊಲದ ಕೆಲಸ ಹೋಯಿತು. ಬಾಗಲೂರಿನಲ್ಲಿ ತಾರಸಿ ಇಲ್ಲದವರ ಕಥೆ ಯಾವುದೋ, ಪಾವಗಡದಲ್ಲಿ ಜಮೀನಿಲ್ಲದವರ ಕಥೆಯೂ ಅದೇ. ಆಸ್ತಿ ಇದ್ದವರಿಗೆ ಮಾತ್ರ ಸೂರ್ಯ ಹುಟ್ಟುತ್ತಿದ್ದಾನೆ.

ಇನ್ನೊಂದು ಮಾತು: ಸಹಾಯಧನಕ್ಕೆ ಕೊನೆ ಇರಬೇಕು. 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ ಸೌರ ವಿದ್ಯುತ್ತಿನ ಹರಾಜು ಯೂನಿಟ್‌ಗೆ 2 ರೂಪಾಯಿ 44 ಪೈಸೆಗೆ ಇಳಿಯಿತು. ಅಷ್ಟು ಅಗ್ಗವಾಗಿ ಮಾರಬಲ್ಲ ದೊಡ್ಡ ಕಂಪನಿಗಳನ್ನು ಇನ್ನೂ ಮಗುವಿನಂತೆ ಎತ್ತಿಕೊಂಡು ತಿರುಗಬೇಕಿಲ್ಲ. ಅಂತರರಾಜ್ಯ ಪ್ರಸರಣ ಶುಲ್ಕದ ಪೂರ್ಣ ವಿನಾಯಿತಿಯನ್ನು 2025ರ ಜೂನ್ 30ರವರೆಗೆ ಚಾಲನೆಗೊಂಡ ಯೋಜನೆಗಳಿಗೆ ನಿಲ್ಲಿಸಿ, ಆಮೇಲಿನವಕ್ಕೆ ಹಂತಹಂತವಾಗಿ ಇಳಿಸುತ್ತಿರುವುದು ಸರಿಯಾದ ಹೆಜ್ಜೆ. ಇಂಥದ್ದೊಂದು ಪಾಠ ನಮ್ಮ ಕರ್ನಾಟಕದಲ್ಲೇ ಇದೆ. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್ ಮನೆಗಳ ಸೋಲಾರ್ ದೀಪಕ್ಕೆ ಕಡಿಮೆ ಬಡ್ಡಿಯ ಸಾಲ ಕೊಟ್ಟವು. ಸಹಾಯಧನ ಇದ್ದದ್ದು ಬಡ್ಡಿಗೆ ಮಾತ್ರ. ಅದನ್ನು ಕ್ರಮೇಣ ಇಳಿಸಿ ನಿಲ್ಲಿಸಿದರು. 18 ಸಾವಿರಕ್ಕೂ ಹೆಚ್ಚು ಮನೆಗಳಿಗೆ ಬೆಳಕು ಬಂತು, ಸಾಲ ಕೊಡುವುದನ್ನು ಬ್ಯಾಂಕುಗಳು ಕಲಿತವು. 1995ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಹರೀಶ್ ಹಂದೆಯವರ ಸೆಲ್ಕೊ ಸಂಸ್ಥೆ ತೋರಿಸಿದ್ದೂ ಇದನ್ನೇ. ಬಡವರ ದುಡಿಮೆಯ ಲಯಕ್ಕೆ ಕಂತು ಹೊಂದಿಸಿದರೆ ಅವರು ತೀರಿಸುತ್ತಾರೆ. ಕಾಯಕದಲ್ಲಿ ನಂಬಿಕೆ ಇಟ್ಟವರಿಗೆ ಇದು ಆಶ್ಚರ್ಯವಲ್ಲ.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನವರ ಪ್ರಸಂಗ ನಿಮಗೆಲ್ಲ ಗೊತ್ತು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ತಾಯಿ ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರಲು ಕಳುಹಿಸಿದರು. ಅವರ ಮನೆಯಲ್ಲಿ ಉಕ್ಕಿ ಹರಿಯುತ್ತಿರಲಿಲ್ಲ. ಆದರೂ ಬೇಡವೆಂದರು. ಇಂದು ಮೂರು ಅಂತಸ್ತಿನ ಮನೆಯ ನಾವು ಸರತಿಯಲ್ಲಿ ನಿಲ್ಲುವ ಮೊದಲು ಆ ತಾಯಿಯನ್ನು ನೆನೆಯಬೇಕು.

ಕೊನೆಯದಾಗಿ ಮೂರು ವಿನಂತಿ. ಒಂದು, ನಮ್ಮ ಮಠಗಳ ಪ್ರಸಾದನಿಲಯ, ಶಾಲೆ, ಕಲ್ಯಾಣ ಮಂಟಪಗಳ ವಿಶಾಲ ತಾರಸಿಗಳು ಖಾಲಿ ಬಿದ್ದಿವೆ. ಅನುದಾನಕ್ಕೆ ಅರ್ಜಿ ಹಿಡಿದು ಮಂತ್ರಿಗಳ ಬಾಗಿಲಿಗೆ ಹೋಗದೆ, ಭಕ್ತರ ಕಾಣಿಕೆಯಿಂದಲೇ ಅಲ್ಲಿ ಸೋಲಾರ್ ಹಾಕಿಸಲಿ. ಈ ಮಾತು ಕೆಲವರಿಗೆ ಕಹಿಯಾಗಬಹುದು. ಆದರೆ ಮಠಗಳೇ ಮುಂದಿನ ಎಲೆಯಲ್ಲಿ ಕೂತರೆ ಪಂಕ್ತಿಭೇದದ ಬಗ್ಗೆ ಮಾತಾಡುವ ನೈತಿಕ ಬಲ ನಮಗೆ ಉಳಿಯುವುದಿಲ್ಲ. ಎರಡು, ಸ್ವಂತ ಮನೆಯುಳ್ಳ, ಶಕ್ತಿಯುಳ್ಳ ಭಕ್ತರು ಸಾಧ್ಯವಾದರೆ ಸಹಾಯಧನ ಬಿಟ್ಟು ಹಾಕಿಸಿಕೊಳ್ಳಲಿ. ಪಡೆದವರು ಅಷ್ಟೇ ಮೊತ್ತವನ್ನು ಹತ್ತಿರದ ಅಂಗನವಾಡಿಯ ಸೋಲಾರ್‌ಗೆ ದಾಸೋಹವಾಗಿ ಸಲ್ಲಿಸಲಿ. ಮೂರು, ನಮ್ಮ ಶಾಸಕರು ವೇದಿಕೆಗೆ ಬಂದಾಗ ಹಾರ ಹಾಕಿ ಕಳುಹಿಸುವುದರ ಜೊತೆಗೆ ಒಂದು ಪ್ರಶ್ನೆ ಕೇಳೋಣ: ತಾರಸಿ ಇಲ್ಲದವರ ಪಾಲಿನ ಸೂರ್ಯ ಎಲ್ಲಿ?

ಬಿಸಿಲು ಯಾರ ಸೂರು ತಗಡು, ಯಾರದು ಆರ್‌ಸಿಸಿ ಎಂದು ಕೇಳಿ ಬೀಳುವುದಿಲ್ಲ. ಸಹಾಯಧನವೂ ಹಾಗೆ ಕೇಳಬಾರದು. ಕೇಳಲೇಬೇಕಾದರೆ ತಗಡಿನ ಸೂರಿನವರ ಹೆಸರನ್ನು ಮೊದಲು ಕೇಳಲಿ.