ಬಿಲ್ಲು ನೋಡಿ ಹಸಿವು ಅಳೆಯಲಾಗದು

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)

ಅಧ್ಯಕ್ಷರೇ, ಹೋಟೆಲು ಹಾಗೂ ಗಿರಣಿಯ ಕಾರ್ಮಿಕ ಬಂಧುಗಳೇ,

ರೋಗಿಗಳ ದಾಖಲೆಗಳನ್ನು ಓದಿ, ಯಾರಿಗೆ ಮುಂದೆ ಯಾವ ಕಾಯಿಲೆ ಬಂದೀತೆಂದು ಮುಂಚಿತವಾಗಿ ಹೇಳುವ ಗಣಕಯಂತ್ರಗಳು ಈಗ ಬಂದಿವೆ. ಇದು ದೊಡ್ಡ ಆಸ್ಪತ್ರೆಯವರ ಮಾತು, ನಮಗೇಕೆ ಎಂದು ಕೆಲವರು ಕೇಳಬಹುದು. ನಮಗೇ ಬೇಕಾದ ಮಾತು ಇದು.

ಈ ಯಂತ್ರದ ವಿದ್ಯೆ ನಮಗೆ ಅಪರಿಚಿತವಲ್ಲ. ಹತ್ತು ವರ್ಷ ಗಲ್ಲೆಯ ಮೇಲೆ ಕೂತ ಮ್ಯಾನೇಜರು, ನಾಳೆ ಭಾನುವಾರ, ಇಡ್ಲಿಗೆ ಇಷ್ಟು ಅಕ್ಕಿ ನೆನೆಹಾಕಿ ಎನ್ನುತ್ತಾನೆ. ಅದು ಜ್ಯೋತಿಷ್ಯವಲ್ಲ, ಹಳೆಯ ಬಿಲ್ಲುಗಳ ಲೆಕ್ಕ. ಯಂತ್ರವೂ ಹಾಗೆಯೇ. ಲಕ್ಷಾಂತರ ರೋಗಿಗಳ ವಯಸ್ಸು, ರಕ್ತದ ಒತ್ತಡ, ಸಕ್ಕರೆ, ತೆಗೆದುಕೊಂಡ ಔಷಧ, ಆಮೇಲೆ ಅವರಿಗೆ ಏನಾಯಿತು ಎಂಬುದೆಲ್ಲವನ್ನೂ ಅದಕ್ಕೆ ಒಪ್ಪಿಸುತ್ತಾರೆ. ಯಾವ ಗುರುತುಗಳು ಕೂಡಿದಾಗ ಯಾವ ರೋಗ ಬಂತೆಂದು ಅದು ತಾನೇ ಹುಡುಕಿಕೊಂಡು, ಹೊಸ ರೋಗಿಗೆ ಅಪಾಯದ ಅಂಕ ಹಾಕುತ್ತದೆ.

ಇಂಥ ಲೆಕ್ಕದಿಂದ ಒಳ್ಳೆಯದೂ ಆಗಿದೆ. ಯಂತ್ರ ಬರುವುದಕ್ಕೆ ಮೊದಲೇ, 1948ರಲ್ಲಿ, ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ ಇಂಥ ಕೆಲಸ ಆರಂಭವಾಯಿತು. 5,209 ಜನರನ್ನು ವರ್ಷಗಟ್ಟಲೆ ಪರೀಕ್ಷಿಸುತ್ತ ಹೋದರು. ರಕ್ತದ ಒತ್ತಡ, ರಕ್ತದಲ್ಲಿನ ಕೊಬ್ಬು, ಸಿಗರೇಟು ಇವು ಹೃದಯರೋಗಕ್ಕೆ ದಾರಿ ಎಂಬುದನ್ನು ಲೋಕಕ್ಕೆ ಗಟ್ಟಿಯಾಗಿ ತೋರಿಸಿದ್ದರಲ್ಲಿ ಆ ಊರಿನ ಪಾಲು ದೊಡ್ಡದು. ಆದುದರಿಂದ ನಾವು ಯಂತ್ರದ ವಿರೋಧಿಗಳಲ್ಲ.

ಆದರೆ ಅದೇ ಅಮೆರಿಕದ ಇನ್ನೊಂದು ಕತೆಯನ್ನು ಕೇಳಿ. ಯಾವ ರೋಗಿಗೆ ಹೆಚ್ಚಿನ ಆರೈಕೆ ಬೇಕೆಂದು ಆರಿಸಲು ಅಲ್ಲಿನ ಆಸ್ಪತ್ರೆಗಳು ಒಂದು ಲೆಕ್ಕಯಂತ್ರವನ್ನು ಬಳಸುತ್ತಿದ್ದವು. 2019ರಲ್ಲಿ ಓಬರ್‌ಮೇಯರ್ ಮತ್ತು ಸಂಗಡಿಗರು ಅದನ್ನು ಪರಿಶೀಲಿಸಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಒಂದೇ ಅಂಕ ಪಡೆದವರಲ್ಲಿ ಬಿಳಿಯರಿಗಿಂತ ಕಪ್ಪು ವರ್ಣದವರು ಹೆಚ್ಚು ಕಾಯಿಲೆಯಲ್ಲಿದ್ದರು. ಯಂತ್ರಕ್ಕೆ ಯಾರ ಬಣ್ಣವನ್ನೂ ತಿಳಿಸಿರಲಿಲ್ಲ. ಹಾಗಾದರೆ ತಪ್ಪು ಎಲ್ಲಿ? ಅದು ಕಾಯಿಲೆಯನ್ನು ಅಳೆಯಲಿಲ್ಲ, ಚಿಕಿತ್ಸೆಯ ಖರ್ಚನ್ನು ಅಳೆಯಿತು. ಸರಿಯಾದ ಚಿಕಿತ್ಸೆ ಸಿಗದವರ ಖರ್ಚು ಕಡಿಮೆ. ಖರ್ಚು ಕಡಿಮೆಯೆಂದರೆ ಆರೋಗ್ಯವಂತರೆಂದು ಯಂತ್ರ ತಿಳಿಯಿತು. ಲೆಕ್ಕ ತಿದ್ದಿದರೆ, ಹೆಚ್ಚಿನ ಆರೈಕೆ ಪಡೆಯುವವರಲ್ಲಿ ಕಪ್ಪು ವರ್ಣದವರ ಪಾಲು ಶೇಕಡಾ 17.7ರಿಂದ 46.5ಕ್ಕೆ ಏರುವುದೆಂದು ಅವರು ತೋರಿಸಿದರು.

ಬಂಧುಗಳೇ, ಬಾಗಿಲಲ್ಲಿ ನಿಂತು, ಜೇಬು ಮುಟ್ಟಿ ನೋಡಿಕೊಂಡು ಹಿಂದಿರುಗಿದವನ ಹಸಿವು ಯಾವ ಬಿಲ್ಲಿನಲ್ಲಿದೆ?

ನಮ್ಮ ಗತಿಯೂ ಇದೇ. ಜ್ವರ ಬಂದರೆ ಗುಳಿಗೆ ನುಂಗಿ ಭಟ್ಟಿಯ ಮುಂದೆ ನಿಲ್ಲುತ್ತೇವೆ. ರಜೆ ಹಾಕಿದರೆ ಆ ದಿನದ ಕೂಲಿ ಹೋಗುತ್ತದೆ. ಕಾಯಿಲೆ ಹೆಚ್ಚಾದರೆ ಊರಿನ ಬಸ್ಸು ಹತ್ತುತ್ತೇವೆ. ಈ ಮುಂಬಯಿಯ ಕಾಗದದಲ್ಲಿ ನಾವು ಗಟ್ಟಿಮುಟ್ಟು! ಗಿರಣಿಯಲ್ಲಿ ದುಡಿದವರ ಚೀಟಿಯಲ್ಲಿ ಬರೀ ‘ಕೆಮ್ಮು’ ಎಂದಿರುತ್ತದೆ. ರಜೆ ಮುಗಿಸಿ ಮರಳಿದ ಮೊದಲ ದಿನ ಎದೆ ಬಿಗಿಯುವುದು ಹತ್ತಿಯ ಧೂಳಿನ ರೋಗದ ಗುರುತು. ಧೂಳಿನ ಖಾತೆಯಲ್ಲಿ ಇಷ್ಟು ವರ್ಷ ಇದ್ದೆವೆಂದು ಚೀಟಿಯಲ್ಲಿ ಬರೆಯದಿದ್ದರೆ ಯಂತ್ರಕ್ಕೆ ತಿಳಿಯುವುದೆಂತು?

ಆದುದರಿಂದ ಮೂರು ಕೆಲಸ ಮಾಡೋಣ. ಒಂದು, ಇ.ಎಸ್.ಐ. ಆಗಲಿ ಮುನಿಸಿಪಾಲಿಟಿ ದವಾಖಾನೆಯಾಗಲಿ, ಡಾಕ್ಟರರಿಗೆ ನಮ್ಮ ಕೆಲಸವನ್ನೂ ಎಷ್ಟು ವರ್ಷವೆಂಬುದನ್ನೂ ಹೇಳಿ ಬರೆಸಿಕೊಳ್ಳೋಣ. ಎರಡು, ಊರಿನದಾಗಲಿ ಇಲ್ಲಿಯದಾಗಲಿ, ಒಂದು ಚೀಟಿಯನ್ನೂ ಎಸೆಯದೆ ಕೂಡಿಡೋಣ. ಮೂರು, ಸರಕಾರದ 14 ಅಂಕಿಯ ‘ಆಭಾ’ ಸಂಖ್ಯೆಯನ್ನು ಪಡೆಯುವುದು ನಮ್ಮ ಇಚ್ಛೆಗೆ ಬಿಟ್ಟದ್ದು. ಅದರ ಮೂಲಕ ದಾಖಲೆ ತೋರಿಸಲು ನಮ್ಮ ಒಪ್ಪಿಗೆ ಬೇಕು. ಫೋನಿಗೆ ಬಂದ ಓ.ಟಿ.ಪಿ.ಯನ್ನು ಧಣಿ ಕೇಳಿದನೆಂದು ಕೊಡಬೇಡಿ. ನಾಳೆ ಕಾಯಿಲೆ ಬಂದೀತೆಂಬ ಅಂಕವನ್ನು ನೋಡಿ ಇಂದೇ ಕೆಲಸದಿಂದ ಬಿಡಿಸುವವರೂ ಇದ್ದಾರು.

ಸಂಘದ ಕೆಲಸ ಇನ್ನೊಂದಿದೆ. ಇಂಥ ಯಂತ್ರ ಯಾವ ಆಸ್ಪತ್ರೆಗೆ ಬಂದರೂ ನಾವು ಒಂದೇ ಪ್ರಶ್ನೆ ಕೇಳಬೇಕು: ಇದು ಅಳೆಯುವುದು ನಮ್ಮ ಕಾಯಿಲೆಯನ್ನೋ, ನಮ್ಮ ಜೇಬನ್ನೋ? ಉತ್ತರ ಸಿಗುವವರೆಗೂ ಕೇಳುತ್ತಲೇ ಇರೋಣ.